ಓಲೆಗರಿಯ ಒಡೆಯರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಿನಲ್ಲಿ ಒಂದು ಬಂಡೆಯುಂಟು. ಸುತ್ತಲಿನ ಹಳ್ಳಿಗಳವರು ಅದನ್ನು ಅಕ್ಷರಗುಂಡು ಎಂದೇ ಕರೆಯುತ್ತ ಬಂದಿದ್ದಾರೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದು ಮುಟ್ಟಿದ ಅಶೋಕ ಚಕ್ರವರ್ತಿಯ ಆಜ್ಞೆ ಅದರ ಮೇಲಿದೆ. ಅದರ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಕೊರೆದು, ತನ್ನ ಕಸುಬನ್ನು ಮಾತ್ರ, ಈ ಸೀಮೆಯಲ್ಲಿ ಯಾರೂ ಓದಲಾರದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದು ಹೋಗಿದ್ದಾನೆ. ಅಕ್ಷರವೆಂಬುದು ತಿಳಿದಿದ್ದರೂ ಅರ್ಥ ತಿಳಿಯದೆ ಜನ ಆ ಕಲ್ಲಿನ ಪಕ್ಕದಲ್ಲಿ ದನ ಕಾಯ್ದರು, ಹೊಲ ಉತ್ತರು. 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಮೂರು ಶಾಸನಗಳನ್ನೂ ವಿದ್ವಲ್ಲೋಕಕ್ಕೆ ತೋರಿಸಿದಾಗ, ಇವುಗಳನ್ನು ಅಷ್ಟು ಕಾಲ ಕಾಪಾಡಿದ ಪುಣ್ಯವಂತ ಯಾರೆಂದು ಹುಡುಕುವ ಪ್ರಮೇಯವೇ ಬರಲಿಲ್ಲ. ಏತಕ್ಕೆಂದರೆ ಯಾರೂ ಕಾಪಾಡಿರಲಿಲ್ಲ. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರು ಬಂದುದು ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ. ಅಲ್ಲಿಯ ಅಕ್ಷರಗಳು ಸವೆದುಹೋಗಿರುವುದಕ್ಕೆ ಆ ವ್ಯಾಪಾರವೂ ಒಂದು ಕಾರಣವೆಂದರೆ ತಪ್ಪಾಗದು. ಆದರೂ ಕಲ್ಲು ಇದ್ದಲ್ಲಿಯೇ ಇದೆ. ಅದಕ್ಕೆ ಒಡೆಯನು ಬೇಕಾಗಲಿಲ್ಲ.

ಓಲೆಗರಿಯ ಪಾಡು ಹಾಗಲ್ಲ. ಎಳೆಯ ಗರಿಯನ್ನು ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಕಂಠವೆಂಬ ಚೂಪು ಲೇಖನಿಯಿಂದ ಕೊರೆದು, ಕಾಡಿಗೆಯನ್ನು ಲೇಪಿಸಿ, ತೂತಿನಲ್ಲಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಕಟ್ಟಿದ ಗ್ರಂಥವು ಅಂದಿನಿಂದಲೇ ಗೆದ್ದಲು, ಹುಳು, ತೇವ, ಇಲಿಗಳ ಪಾಲಿಗೆ ಬಿದ್ದ ಆಸ್ತಿ. ವರ್ಷಕ್ಕೊಮ್ಮೆಯಾದರೂ, ಮಹಾನವಮಿಯ ಸರಸ್ವತೀಪೂಜೆಯ ನೆಪದಿಂದಲಾದರೂ, ಅದನ್ನು ಬಿಚ್ಚಿ, ಗಾಳಿಗೆ ಹರಡಿ, ಮತ್ತೆ ಕಟ್ಟುವವರು ಬೇಕು. ಮೂರು ನಾಲ್ಕು ತಲೆಮಾರುಗಳಿಗೊಮ್ಮೆ ಹೊಸ ಗರಿಯ ಮೇಲೆ ಅದನ್ನು ಪ್ರತಿಮಾಡಿಸುವವರು ಬೇಕು. ನೀರಿನಿಂದಲೂ ಎಣ್ಣೆಯಿಂದಲೂ ಸಡಿಲಾದ ಕಟ್ಟಿನಿಂದಲೂ ಪುಸ್ತಕವನ್ನು ಕಾಪಾಡಿರೆಂದು ಲಿಪಿಕಾರರು ಗ್ರಂಥಾಂತ್ಯದಲ್ಲಿ ಬೇಡಿಕೊಳ್ಳುವ ವಾಡಿಕೆಯಿತ್ತಷ್ಟೆ. ಆ ಬೇಡಿಕೆ ಓದುಗನಿಗಿಂತ ಹೆಚ್ಚಾಗಿ ಒಡೆಯನನ್ನು ಕುರಿತದ್ದು. ಹೀಗಿರುವಲ್ಲಿ ಪ್ರಾಚೀನ ಕಾವ್ಯಶಾಸ್ತ್ರಗಳ ಚರಿತ್ರೆಯನ್ನು ಕವಿಗಳ ಕಾಲದೇಶಗಳಿಂದ ಮಾತ್ರ ಬರೆದು ಮುಗಿಸುವುದು ಅರ್ಧ ಕೆಲಸ. ಗ್ರಂಥ ಯಾರ ಮನೆಯಿಂದ ಯಾರ ಮನೆಗೆ ಹೋಯಿತು, ಕೊಟ್ಟವರಾರು, ಕೊಂಡವರಾರು, ಕೊಡಲೊಲ್ಲದೆ ಬಚ್ಚಿಟ್ಟವರಾರು, ಹೇಳದೆ ಒಯ್ದವರಾರು ಎಂಬ ಇನ್ನರ್ಧ ಉಳಿದೇ ಇರುತ್ತದೆ.

ಯೂರೋಪಿನ ವಿದ್ವಾಂಸರು ಈ ಇನ್ನರ್ಧವನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ಲ್ಯಾಟಿನ್ ಕವಿ ಲುಕ್ರೀಷಿಯಸನ ಕಾವ್ಯವು ಶತಮಾನಗಳ ಕಾಲ ಹೆಸರಿಗೆ ಮಾತ್ರ ಉಳಿದಿದ್ದು, 1417ರಲ್ಲಿ ಪೋಜ್ಜೋ ಬ್ರಾಚ್ಚೊಲೀನಿ ಎಂಬಾತನ ಕಣ್ಣಿಗೆ ಬಿದ್ದಿತು. ಈತನು ಪೋಪರ ಕಚೇರಿಯಲ್ಲಿ ಲೇಖಕನಾಗಿದ್ದವನು. ಒಡೆಯನಾಗಿದ್ದ ಪೋಪನೇ ಪದಚ್ಯುತನಾದ್ದರಿಂದ ಕೆಲಸವಿಲ್ಲದೆ ಮಠಗಳ ಪುಸ್ತಕಭಂಡಾರಗಳನ್ನು ಶೋಧಿಸುತ್ತಿದ್ದನು. ಆತನು ಅದನ್ನು ಪ್ರತಿಮಾಡಿಸಿ ಫ್ಲಾರೆನ್ಸಿನ ಗೆಳೆಯ ನಿಕೊಲೋ ನಿಕೋಲಿಗೆ ಕಳುಹಿಸಿದನು. ನಿಕೋಲಿಯಾದರೋ ಗೆಳೆಯನು ಕಾಗದದ ಮೇಲೆ ಕಾಗದ ಬರೆದು ಬೇಡಿಕೊಂಡರೂ ಹತ್ತು ವರ್ಷಗಳಿಗೂ ಮೀರಿ ಅದನ್ನು ಹಿಂದಿರುಗಿಸಲಿಲ್ಲ. ವಿನೋದವೇನೆಂದರೆ, ಪೋಜ್ಜೋ ಕಂಡ ಮೂಲಪ್ರತಿಯೂ ಇಂದಿಲ್ಲ, ಅವನಿಗಾಗಿ ಬರೆದ ಪ್ರತಿಯೂ ಇಲ್ಲ. ಉಳಿದಿರುವುದು ಕೊಡದೆ ಇಟ್ಟುಕೊಂಡ ನಿಕೋಲಿ ತನ್ನ ಕೈಯಿಂದಲೇ ಬರೆದುಕೊಂಡ ನಕಲು. ಆ ಶತಮಾನದ ಐವತ್ತಕ್ಕೂ ಮೀರಿದ ಪ್ರತಿಗಳು ಪೋಜ್ಜೋ ಕಂಡ ಆ ಒಂದರ ಸಂತತಿ. ಅಂಥ ಪ್ರತಿಗಳ ಮೊದಲ ಪುಟದ ಕೆಳಗೆ ಕೊಂಡವನ ವಂಶಲಾಂಛನವನ್ನು ಬಣ್ಣದಲ್ಲಿ ಬರೆಸುತ್ತಿದ್ದರು. ಗ್ರಂಥ ಕೈಬದಲಾದಾಗ ಹೊಸ ಒಡೆಯನು ಹಳೆಯ ಲಾಂಛನವನ್ನು ಕೆರೆದು ತನ್ನದನ್ನು ಬರೆಸುತ್ತಿದ್ದನು. ಕೆರೆದ ಗುರುತನ್ನೇ ಹಿಡಿದು ಇಂದಿನ ಪಂಡಿತರು ಮೊದಲಿನವನನ್ನು ಪತ್ತೆಹಚ್ಚುತ್ತಾರೆ. ಹಂಗೆರಿಯ ದೊರೆ ಮಥಾಯಸ್ ಕೊರ್ವೀನಸನ ಪುಸ್ತಕಭಂಡಾರವು 1526ರ ಯುದ್ಧದ ತರುವಾಯ ಚದರಿಹೋಗಿ, ಒಂದಷ್ಟು ತುರ್ಕಿ ಸುಲ್ತಾನರ ಅರಮನೆ ಸೇರಿದ್ದು, 350 ವರ್ಷಗಳ ಮೇಲೆ, 1877ರಲ್ಲಿ, ಸುಲ್ತಾನ ಎರಡನೆಯ ಅಬ್ದುಲ್ ಹಮೀದನು 35 ಗ್ರಂಥಗಳನ್ನು ಬುಡಾಪೆಸ್ಟಿಗೆ ಮರಳಿ ಕಳುಹಿಸಿದನು.

ನಮ್ಮಲ್ಲಿ ಲಾಂಛನವನ್ನು ಬರೆಸುವ ರೂಢಿ ಇರಲಿಲ್ಲ. ಇಲ್ಲಿ ಗ್ರಂಥದೊಡನೆ ಹೆಸರು ಉಳಿಯುತ್ತಿದ್ದುದು ಇಟ್ಟುಕೊಂಡವರದಲ್ಲ, ಕೊಟ್ಟವರದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಒಂದು ಸಾವಿರ ಪ್ರತಿಯೆಂದರೆ ಎಷ್ಟು ಗರಿ, ಎಷ್ಟು ಲಿಪಿಕಾರರು, ಎಷ್ಟು ಕಾಲ ಅವರಿಗೆ ಅಶನವಸನ ಎಂದು ಲೆಕ್ಕಹಾಕಿದರೆ ಈ ದಾನದ ಗಾತ್ರ ತಿಳಿದೀತು. ಜೈನರಲ್ಲಿ ಆಹಾರ, ಅಭಯ, ಭೈಷಜ್ಯಗಳಂತೆಯೇ ಶಾಸ್ತ್ರವೂ ಒಂದು ದಾನ. ಹೊಸ ಶಾಸ್ತ್ರವನ್ನು ಬರೆಯಲಾರದವರೂ ಬರೆದುದನ್ನು ಪ್ರತಿಮಾಡಿಸಿ ಕೊಟ್ಟು ಅದರ ಪುಣ್ಯದಲ್ಲಿ ಪಾಲುಗೊಳ್ಳಬಹುದಾಗಿತ್ತು.

ಈ ದಾನದ ಪರಂಪರೆಯಲ್ಲಿ, ಒಡೆತನದ ಕಥೆಯಾಗಿ ನೋಡಿದಾಗ, ಮೂಡಬಿದಿರೆಯ ಸಿದ್ಧಾಂತ ಬಸದಿಯ ಗ್ರಂಥಗಳಿಗೆ ಸಮನಾದದ್ದು ಕರ್ನಾಟಕದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಕ್ರಿ. ಶ. 816ರಲ್ಲಿ ಮುಗಿಯಿತು, ಅದರ ಪ್ರಮಾಣವನ್ನು 72,000 ಶ್ಲೋಕಗಳೆಂದು ಹೇಳುವುದುಂಟು. ಕಷಾಯಪ್ರಾಭೃತದ ಮೇಲಣ ಜಯಧವಲೆಯನ್ನು ವೀರಸೇನರು ಆರಂಭಿಸಿ, ಶಿಷ್ಯರಾದ ಜಿನಸೇನರು 837ರಲ್ಲಿ, ಅಮೋಘವರ್ಷನ ಆಳ್ವಿಕೆಯಲ್ಲಿ ಮುಗಿಸಿದರು. ನಮ್ಮ ಪಂಪನ ಆದಿಪುರಾಣಕ್ಕೆ ಆಕರವಾದ ಮಹಾಪುರಾಣವನ್ನು ಆರಂಭಿಸಿದ ಜಿನಸೇನರೇ ಇವರು. ಮೂರನೆಯದು ಭೂತಬಲಿಗಳ ಮಹಾಬಂಧ. ಜನರ ಬಾಯಲ್ಲಿ ಅದು ಮಹಾಧವಲೆ. ಭಾಷೆ ಸಂಸ್ಕೃತ ಬೆರೆತ ಪ್ರಾಕೃತ. ಲಿಪಿಯಾದರೋ ಹಳೆಯ ಕನ್ನಡ. ಶ್ರೀತಾಳೆಯ ಅಗಲವಾದ ಗರಿಗಳ ಮೇಲೆ, ಕಂಠದಿಂದ ಕೊರೆಯದೆ, ಮಸಿಯಿಂದ ಬರೆದ ಅಕ್ಷರಗಳು ಅವು. ಕೆಲವು ಗರಿಗಳಲ್ಲಿ ಜಿನಬಿಂಬಗಳ, ಯಕ್ಷಿಯರ, ಕೈಮುಗಿದು ಕುಳಿತ ಭಕ್ತರ ವರ್ಣಚಿತ್ರಗಳೂ ಉಂಟು.

ಧವಲೆಯ ಪ್ರಶಸ್ತಿಯಲ್ಲಿ ಅದನ್ನು ಕೊಟ್ಟವಳ ಹೆಸರಿದೆ: ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕ. ಶ್ರುತಪಂಚಮೀ ವ್ರತವನ್ನು ನೋಂತು, ಅದರ ಉದ್ಯಾಪನೆಯ ದಿನ ಈಕೆ ಈ ಮಹಾಗ್ರಂಥವನ್ನು ಬನ್ನಿಯಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಹೊಯ್ಸಳ ದಂಡನಾಯಕ ಗಂಗರಾಜನಿಗೆ ಗುರುವಾಗಿದ್ದ ಈ ಶುಭಚಂದ್ರರು 1123ರಲ್ಲಿ ಸಮಾಧಿ ಹೊಂದಿದರೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆದುದರಿಂದ ಗ್ರಂಥದ ಕಾಲವು ಅದಕ್ಕಿಂತ ಹಿಂದಿನದೆಂಬುದು ನಿಶ್ಚಿತ. ಮಹಾಬಂಧವನ್ನು ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳೂ ಒಬ್ಬ ಹೆಂಗಸೇ, ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ. ಓದಿದವರೆಲ್ಲ ಮುನಿಗಳು, ಬರೆಸಿದವರು ಗೃಹಿಣಿಯರು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಪ್ರತಿ ಮಾಡಿಸಿದವರಿಗೊಂದು ಅಧ್ಯಾಯವನ್ನು ಮೀಸಲಿಟ್ಟರೆ ಅದರಲ್ಲಿ ಹೆಂಗಸರ ಹೆಸರುಗಳು ಮುಂದಿನ ಸಾಲಿನಲ್ಲಿಯೇ ಬಂದಾವು.

ಬನ್ನಿಯಕೆರೆಯಲ್ಲಿ ಕೊಟ್ಟದ್ದು ಮೂಡಬಿದಿರೆಯಲ್ಲಿ ನೆಲೆಸಿತು. ಅಲ್ಲಿ ಭಟ್ಟಾರಕರೂ ಬಸದಿಯ ಪಂಚರೂ ಅದನ್ನು ದೇವರಂತೆಯೇ ಕಾಪಾಡಿದರು; ದೇವರಿಗೆ ಹೇಗೋ ಹಾಗೆ ಅದಕ್ಕೂ ದರ್ಶನವಷ್ಟೇ ಉಂಟಾಯಿತು. ಯಾತ್ರಿಕರು ಬಂದು, ಕಾಣಿಕೆಯಿಟ್ಟು, ಗರಿಗಳಿಗೆ ಕೈಮುಗಿದು ಹೋಗುತ್ತಿದ್ದರು. ಓದುವ ವಿಷಯವನ್ನು ಕೇಳುವವರೂ ಇಲ್ಲ, ಆ ಹಳೆಯ ಲಿಪಿಯನ್ನು ಬಲ್ಲವರೂ ಬೆರಳೆಣಿಕೆಯವರು. ಮೊಳಕಾಲ್ಮೂರಿನ ರೇಷ್ಮೆಸೀರೆಯನ್ನು ತಾಯಿಯ ಕಾಲದ್ದೆಂದು ಪೆಟ್ಟಿಗೆಯಲ್ಲಿಟ್ಟು, ಉಡದೆ, ಮಡಿಕೆ ಬದಲಿಸದೆ ಬಿಟ್ಟ ಮನೆಗಳಲ್ಲಿ ಏನಾಗುವುದೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹುಳ ಮುಟ್ಟದಿದ್ದರೂ ಮಡಿಕೆಯಲ್ಲಿಯೇ ಅದು ಬಿರಿಯುತ್ತದೆ. ಮೂಡಬಿದಿರೆಯ ಗರಿಗಳಿಗೂ ಆ ಕಾಲ ಸಮೀಪಿಸುತ್ತಿದ್ದಿತು.

1883ರ ಸುಮಾರಿಗೆ ಮುಂಬಯಿಯ ಸೇಠ ಮಾಣಿಕಚಂದರು ಸಂಘಸಮೇತ ಯಾತ್ರೆ ಬಂದು ಗ್ರಂಥಗಳ ಅವಸ್ಥೆಯನ್ನು ಕಂಡು ಮರುಗಿದರು. ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಹೀರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆತಂದು ಓದಿಸಿ ನೋಡಿದರು. ವರ್ಷಗಟ್ಟಲೆ ಮಾತುಕತೆ ನಡೆದು, ಚಂದಾ ಎತ್ತಿ, 1896ರ ವೇಳೆಗೆ ಪ್ರತಿಲಿಪಿಯ ಕೆಲಸ ಮೊದಲಾಯಿತು. ಒಪ್ಪಂದವೇನೆಂದರೆ, ನಕಲುಗಳೂ ಮೂಡಬಿದಿರೆಯಲ್ಲಿಯೇ ಇರತಕ್ಕದ್ದು; ಹೊರಗೆ ಹೋಗಕೂಡದು. ಬ್ರಹ್ಮಸೂರಿ ಶಾಸ್ತ್ರಿಗಳು ಸ್ವಲ್ಪ ಭಾಗ ಮುಗಿಯುವಷ್ಟರಲ್ಲಿ ತೀರಿಕೊಂಡರು. ಮಿರಜಿನ ಗಜಪತಿ ಉಪಾಧ್ಯಾಯರು ಮುಂದುವರಿಸಿ ಧವಲ ಜಯಧವಲಗಳನ್ನು ನಾಗರಿಗಿಳಿಸಿದರು. ಸ್ಥಳೀಯ ವಿದ್ವಾಂಸರು ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿದರು. ಮಹಾಧವಲೆಯೂ ಸೇರಿ ಎಲ್ಲವೂ ಮುಗಿದುದು 1922ರಲ್ಲಿ. ಇಪ್ಪತ್ತಾರು ವರ್ಷಗಳ ಬರವಣಿಗೆ, ಅದೂ ಹಿಂದಿದ್ದ ಬಸದಿಯಲ್ಲಿಯೇ ಮತ್ತೆ ಕಟ್ಟಿ ಇಡುವುದಕ್ಕೆ!

ಆದರೆ ಇಷ್ಟರೊಳಗೆ ಇನ್ನೊಂದು ನಡೆದುಹೋಗಿತ್ತು. ಗಜಪತಿ ಉಪಾಧ್ಯಾಯರು ಹಗಲು ಬಸದಿಯ ಪ್ರತಿಯನ್ನು ಬರೆಯುತ್ತಿದ್ದಂತೆಯೇ, ಗುಟ್ಟಾಗಿ, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಕನ್ನಡ ಲಿಪಿಯಲ್ಲಿ ತಮಗಾಗಿ ಒಂದು ಪ್ರತಿಯನ್ನು ಸಿದ್ಧಪಡಿಸಿಕೊಂಡಿದ್ದರು. ಕೆಲಸ ಮುಗಿದ ಬಳಿಕ ಅದನ್ನು ಹೀರಾಚಂದ, ಮಾಣಿಕಚಂದರಿಗೇ ಮಾರಲು ಹೋದರೆಂದೂ, ಕೊಟ್ಟ ಮಾತಿಗೆ ತಪ್ಪಿದಂತಾಗುವುದೆಂದು ಅವರು ಮುಟ್ಟಲಿಲ್ಲವೆಂದೂ ತಿಳಿದುಬರುತ್ತದೆ. ಕೊನೆಗೆ ದೂರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಕೊಂಡು ತಮ್ಮ ಮಂದಿರದಲ್ಲಿ ಪ್ರತಿಷ್ಠಾಪಿಸಿದರು. ಅಲ್ಲಿ ಕನ್ನಡ ಅಕ್ಷರ ಬಲ್ಲವರಿರಲಿಲ್ಲ. ವಿಜಯಚಂದ್ರಯ್ಯ, ಸೀತಾರಾಮ ಶಾಸ್ತ್ರಿ ಎಂಬಿಬ್ಬರು 1916ರಿಂದ 1923ರವರೆಗೆ ಕುಳಿತು ಅದನ್ನು ನಾಗರಿಗೆ ತಿರುಗಿಸಿದರು. ಸಹಾರನಪುರದವರು ಈಗ ತಾವೂ ಹೊರಗೆ ಕೊಡಲೊಲ್ಲೆವೆಂದು ಬೀಗ ಹಾಕಿದರು; ಕೊಂಡವನೂ ಇಟ್ಟುಕೊಂಡವನ ದಾರಿಯನ್ನೇ ಹಿಡಿಯುವುದು ಒಡೆತನದ ಸ್ವಭಾವವೆಂದು ತೋರುತ್ತದೆ. ಆದರೆ ಸೀತಾರಾಮ ಶಾಸ್ತ್ರಿಗಳು ಗಜಪತಿಗಳ ಮೇಲ್ಪಂಕ್ತಿಯನ್ನೇ ಅನುಸರಿಸಿ ಒಂದು ಪ್ರತಿಯನ್ನು ತಮ್ಮಲ್ಲಿ ಉಳಿಸಿಕೊಂಡಿದ್ದರು. ಆರಾ, ಕಾರಂಜಾ, ಸಾಗರ, ಅಮರಾವತಿ ಮೊದಲಾದ ಊರುಗಳಿಗೆ ಹೋದ ನಕಲುಗಳೆಲ್ಲವೂ ಈ ಎರಡು ಗುಟ್ಟುಗಳ ಫಲ.

ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು ಅಂಥ ನಕಲುಗಳನ್ನು ಮುಂದಿಟ್ಟುಕೊಂಡು ಷಟ್ಖಂಡಾಗಮದ ಮೊದಲ ಸಂಪುಟವನ್ನು 1939ರಲ್ಲಿ ಅಚ್ಚುಮಾಡಿಸಿದರು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ನಮ್ಮವರೇ ಆದ ಆ. ನೇ. ಉಪಾಧ್ಯೆಯವರು ಅವರಿಗೆ ಬಲಗೈಯಾಗಿ ನಿಂತರು. ಸಿದ್ಧಾಂತಗ್ರಂಥವನ್ನು ಗೃಹಸ್ಥರು ಓದಬಹುದೆ, ಯಂತ್ರದಲ್ಲಿ ಅಚ್ಚೊತ್ತಿ ಬೀದಿಗೆ ತರಬಹುದೆ ಎಂಬ ಆಕ್ಷೇಪಗಳು ಜೋರಾಗಿಯೇ ಎದ್ದವು. ಸಂಪುಟಗಳು ಹೊರಬಂದಂತೆಲ್ಲ ಆ ಕಾವು ಆರಿ, ಮೂಡಬಿದಿರೆಯವರೇ ಮನಸ್ಸು ಕರಗಿ, ಮೂಲದ ಗರಿಗಳನ್ನು ಬಿಚ್ಚಿ ಅಚ್ಚಿನ ಪಾಠದೊಡನೆ ಹೋಲಿಸಲು ಅವಕಾಶಮಾಡಿಕೊಟ್ಟರು. ಲೋಕನಾಥ ಶಾಸ್ತ್ರಿಗಳು, ಕೆ. ಭುಜಬಲಿ ಶಾಸ್ತ್ರಿಗಳು ಮೊದಲಾದವರು ಅದರಲ್ಲಿ ನೆರವಾದರು. ಗುಟ್ಟಿನ ನಕಲುಗಳಲ್ಲಿ ಅವಸರದಿಂದ ಬಿಟ್ಟುಹೋದ ಸಾಲುಗಳೂ ತಪ್ಪಿದ ಅಕ್ಷರಗಳೂ ಆಗ ತಿದ್ದಿಕೊಂಡವು. ಹದಿನಾರು ಸಂಪುಟಗಳು ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷಗಳೇ ಸಂದಿದ್ದುವು.

ಇಲ್ಲಿ ತೀರ್ಪು ಹೇಳುವುದು ಸುಲಭವಲ್ಲ. ಮೂಡಬಿದಿರೆಯವರು ಕೃಪಣರೆಂದೂ ಗಜಪತಿಗಳು ಉಪಕಾರಿಗಳೆಂದೂ ಇಂದಿನವರು ಥಟ್ಟನೆ ಹೇಳಿಬಿಡಬಹುದು. ನಾನು ಹಾಗೆ ಹೇಳಲಾರೆ. ಎಂಟು ಶತಮಾನಗಳ ಕಾಲ ಯಾರಿಗೂ ಕೊಡೆವೆಂದು ಹಿಡಿದ ಹಟವಿಲ್ಲದಿದ್ದರೆ ಗಜಪತಿಗಳಿಗೆ ನಕಲುಮಾಡಲು ಗರಿಯೇ ಇರುತ್ತಿರಲಿಲ್ಲ. ಅತ್ತಿಮಬ್ಬೆ ಉದಾರವಾಗಿ ಹಂಚಿದ ಸಾವಿರ ಪ್ರತಿಗಳಿಂದ ಶಾಂತಿಪುರಾಣವು ಪ್ರತಿಯ ಪ್ರತಿಯಾಗಿ ನಮಗೆ ದಕ್ಕಿತು, ಅವಳ ಕಾಲದ ಗರಿ ದಕ್ಕಲಿಲ್ಲ. ದೇಮಿಯಕ್ಕನ ಒಂದೇ ಒಂದು ಪ್ರತಿಯಾದರೋ ಅವಳ ಕಾಲದ ಗರಿಯಾಗಿಯೇ ಉಳಿಯಿತು. ಗರಿಯನ್ನು ಉಳಿಸಿದ್ದು ಲೋಭ, ಪಾಠವನ್ನು ಉಳಿಸಿದ್ದು ವಂಚನೆ ಎಂದರೆ ಮಾತು ಒರಟಾಯಿತು. ಆದರೆ ಕೊಟ್ಟ ಮಾತಿಗೆ ನಿಂತ ಹೀರಾಚಂದರ ಪ್ರಾಮಾಣಿಕತೆಯೊಂದನ್ನೇ ನಂಬಿದ್ದರೆ ಆ ಅಚ್ಚಿನ ಸಂಪುಟಗಳು ಹೊರಬರುತ್ತಿದ್ದ ಕಾಲ ಇನ್ನೂ ಎಷ್ಟು ದೂರವಿರುತ್ತಿತ್ತೋ.

ಇನ್ನು ನಮ್ಮ ಚಿತ್ರದುರ್ಗದ ಸೀಮೆಗೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಅಳೆಯಲು ನಿಯುಕ್ತನಾದ ಕಾಲಿನ್ ಮೆಕೆಂಜಿಯು ಸರಪಣಿಯಿಂದ ಭೂಮಿಯನ್ನು ಅಳೆಸುತ್ತಲೇ, ಕಾವಲಿ ವೆಂಕಟ ಬೊರಯ್ಯ, ಅವನು 1803ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರನ್ನು ಊರೂರಿಗೆ ಅಟ್ಟಿ, ಸ್ಥಳಚರಿತ್ರೆಗಳನ್ನೂ ವಂಶಾವಳಿಗಳನ್ನೂ ಶಾಸನಗಳ ನಕಲುಗಳನ್ನೂ ಕೂಡಿಸಿದನು. ಶಾನುಭೋಗರನ್ನೂ ಗೌಡರನ್ನೂ ಕೇಳಿ ಬರೆಸಿಕೊಂಡ ಈ ಲೇಖನಗಳೇ ಕೈಫಿಯತ್ತುಗಳು. ಶಾನುಭೋಗರ ಬಳಿ ಇದ್ದುದು ಬಹುಮಟ್ಟಿಗೆ ಓಲೆಗರಿಯಲ್ಲ, ಕಡತ: ಬಟ್ಟೆಗೆ ಹುಣಸೆಬೀಜದ ಅಂಬಲಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬಿಳಿಯ ಅಕ್ಷರಗಳಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ. ಒರಸಿದರೆ ಅಳಿಯುವ, ಮತ್ತೆ ಬಳಿದರೆ ಹೊಸದಾಗುವ ಇಂಥ ಪುಸ್ತಕದಲ್ಲಿ ಕಂದಾಯದ ಲೆಕ್ಕವೂ ಪಾಳೆಯಗಾರರ ವಂಶವೂ ಒಂದೇ ದಾರದಲ್ಲಿ ಮಲಗಿರುತ್ತಿದ್ದುವು. ಇನಾಮು ಮಾನ್ಯಗಳ ಹಕ್ಕು ಅದರಲ್ಲಿಯೇ ಅಡಗಿದ್ದರಿಂದ ಕಡತವನ್ನು ಕೈಬಿಡಲು ಯಾರೂ ಒಪ್ಪುವಂತಿರಲಿಲ್ಲ. ಹೋದದ್ದು ಬಹುಪಾಲು ನಕಲು. ಹೊಸ ದೊರೆತನದ ಮನುಷ್ಯನೊಬ್ಬ ಬಂದು ನಿಮ್ಮ ಹಿಂದಿನದನ್ನು ಹೇಳಿರೆಂದಾಗ, ಹೇಳಿದವರು ತಮ್ಮ ಮಾನ್ಯಕ್ಕೆ ಅನುಕೂಲವಾಗಿಯೇ ಹೇಳಿದ್ದಾರೆಂಬ ಸಂಶಯವನ್ನು ಕೈಫಿಯತ್ತು ಓದುವವರು ಸದಾ ಇಟ್ಟುಕೊಂಡಿರಬೇಕು.

ಮೆಕೆಂಜಿ 1821ರಲ್ಲಿ ಕಲ್ಕತ್ತೆಯ ಬಳಿ ತೀರಿಕೊಂಡನು. ಅವನ ವಿಧವೆಯಿಂದ ಕಂಪನಿ ಸರ್ಕಾರವು ಈ ಸಂಗ್ರಹವನ್ನೆಲ್ಲ 10,000 ಪೌಂಡುಗಳಿಗೆ ಕೊಂಡುಕೊಂಡಿತು, ಎಚ್. ಎಚ್. ವಿಲ್ಸನ್ 1828ರಲ್ಲಿ ಅದರ ಪಟ್ಟಿಯನ್ನು ಅಚ್ಚುಹಾಕಿಸಿದನು. ಒಂದು ಪಾಲು ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳವು ಮದರಾಸಿಗೆ ಬಂದು ಈಗಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿದುವು. ಹೀಗೆ ಕನ್ನಡ ನಾಡಿನ ಶಾನುಭೋಗರು ಹೇಳಿ ಬರೆಸಿದ ಮಾತು ಸಾಹೇಬನ ಸ್ವಂತ ಆಸ್ತಿಯಾಗಿ, ಅವನ ಹೆಂಡತಿಯ ಹಕ್ಕಾಗಿ, ಕಂಪನಿಯ ಸ್ವತ್ತಾಗಿ, ಕೊನೆಗೆ ನೆರೆರಾಜ್ಯದ ಸರ್ಕಾರದ ವಶವಾಗಿ ನಿಂತಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಎಂ. ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿಕೊಟ್ಟ ಮೇಲೆ ಆ ಮಾತು ಹೇಳಿದವರ ಮೊಮ್ಮಕ್ಕಳ ಮೊಮ್ಮಕ್ಕಳ ಕೈಗೆ ಅಚ್ಚಿನಲ್ಲಿ ಸಿಕ್ಕಿತು.

ಓಲೆಗರಿಯ ಕಾವ್ಯಗಳನ್ನು ಅಚ್ಚಿಗೆ ತಂದವರಲ್ಲಿಯೂ ನಮ್ಮ ಸೀಮೆಯವರುಂಟು. ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ 1885ರಲ್ಲಿ ಹುಟ್ಟಿದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಪ್ರಥಮ ಪ್ರಾಧ್ಯಾಪಕರಾದರು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೆ. ಓಲೆಗರಿಗಳಲ್ಲಿ ಮುಚ್ಚಿಹೋಗಿದ್ದ ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿ ಅಚ್ಚಿಗೆ ತಂದವರೂ ಅವರೇ. ದುರ್ಗದ ಕಥೆಗಳನ್ನು ಕಾದಂಬರಿಗಳಾಗಿ ಮನೆಮನೆಗೆ ಮುಟ್ಟಿಸಿದ ತ. ರಾ. ಸು. ಅವರದೂ ಅದೇ ಮನೆತನ. ಆ ಪೀಳಿಗೆಯ ಸಂಪಾದಕರು ಪೀಠಿಕೆಗಳಲ್ಲಿ ಪ್ರತಿ ಕೊಟ್ಟವರ ಹೆಸರನ್ನು ಸ್ಮರಿಸುವುದನ್ನು ಮರೆಯುತ್ತಿರಲಿಲ್ಲ: ಇಂಥ ಮಠದ ಸ್ವಾಮಿಗಳು, ಇಂಥ ಊರಿನ ಶಾಸ್ತ್ರಿಗಳು, ಇಂಥ ಗೌಡರ ಮನೆಯವರು. ಕನ್ನಡ ಕಾವ್ಯಗಳ ಒಡೆತನದ ಚರಿತ್ರೆಗೆ ಮುಂದೆ ಯಾರಾದರೂ ಕೈಹಾಕಿದರೆ ಅವರು ಮೊದಲು ಓದಬೇಕಾದುದು ಈ ಕೃತಜ್ಞತೆಯ ಪುಟಗಳನ್ನು. ಆದರೆ ಅದೇ ಸಂಪಾದಕರು ಮೂಲದ ಕೊನೆಯ ಗರಿಯಲ್ಲಿದ್ದ ಸಣ್ಣಪುಟ್ಟ ಬರಹಗಳನ್ನು, ಎಂದರೆ ಯಾವ ಸಂವತ್ಸರದಲ್ಲಿ ಯಾರಿಗಾಗಿ ಬರೆದದ್ದು, ಯಾರಿಗೆ ಓದಲು ಎರವಲು ಕೊಟ್ಟದ್ದು ಎಂಬುದನ್ನು, ಕಾವ್ಯಕ್ಕೆ ಸೇರಿದ್ದಲ್ಲವೆಂದು ಅನೇಕ ವೇಳೆ ಕೈಬಿಟ್ಟರು.

2003ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಬಳಿಕ ಗರಿಗಳ ಛಾಯಾಚಿತ್ರ ತೆಗೆಯುವ ಕೆಲಸ ನಡೆದಿದೆ, ಒಳ್ಳೆಯದೇ. ನನ್ನ ಬಯಕೆ ಇಷ್ಟೆ: ಚಿತ್ರ ತೆಗೆಯುವವರು ಬರಿಯ ಗರಿಗಳನ್ನಲ್ಲದೆ ಹಲಗೆಗಳನ್ನೂ, ಕಟ್ಟಿದ ಬಟ್ಟೆಯನ್ನೂ, ಅಕ್ಷರವಿಲ್ಲವೆಂದು ತೋರುವ ಮೇಲುಗರಿಯನ್ನೂ ತೆಗೆಯಲಿ, ಕೊಟ್ಟ ಮನೆಯವರನ್ನು ಕೂಡಿಸಿಕೊಂಡು, ಇದು ನಿಮ್ಮ ಮನೆಗೆ ಬಂದುದು ಮದುವೆಯಲ್ಲಿಯೋ, ಪಾಲಿನಲ್ಲಿಯೋ, ಸಾಲಕ್ಕೆ ಒತ್ತೆಯಾಗಿಯೋ ಎಂದು ಕೇಳಿ ಬರೆದುಕೊಳ್ಳಲಿ. ಚಳ್ಳಕೆರೆ ಮೊಳಕಾಲ್ಮೂರು ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಕಡತವೊಂದು ಉಳಿದಿದ್ದರೆ ಅದನ್ನು ಬಲ್ಲ ಮುದುಕರು ಇಂದು ಸಿಕ್ಕಾರು. ಇನ್ನಿಪ್ಪತ್ತು ವರ್ಷ ಕಳೆದರೆ ಕಡತ ಮಾತ್ರ ಸಿಕ್ಕೀತು.